ಕೆಂಪು ಮೆಣಸಿನಕಾಯಿ, ನೀಲಿ ಬೆಳಕು

ಯರಗುಪ್ಪಿ ಕುಂದಗೋಳ ತಾಲ್ಲೂಕಿನ ಎರಿಭೂಮಿಯ ಊರು. ಈ ಸೀಮೆಯಲ್ಲಿ ಮೆಣಸಿನಕಾಯಿ, ಉಳ್ಳಾಗಡ್ಡಿ, ಹತ್ತಿ ಮೂರನ್ನೂ ಒಂದೇ ಹೊಲದಲ್ಲಿ ಕೂಡಿಸಿ ಬೆಳೆಯುವುದು ಹಳೆಯ ರೂಢಿ. ಉಳ್ಳಾಗಡ್ಡಿ ಮೊದಲು ಕೈಗೆ ಬರುತ್ತದೆ. ಸಂಕ್ರಾಂತಿಯ ಹೊತ್ತಿಗೆ ಮೆಣಸಿನಕಾಯಿ ಹಣ್ಣಾಗಿ, ಬಿಡಿಸಿ ಹರವಿದ ಕಣಗಳೆಲ್ಲ ಕೆಂಪಾಗುತ್ತವೆ. ಹಾವೇರಿ ಜಿಲ್ಲೆಯ ಬ್ಯಾಡಗಿ ಮಾರುಕಟ್ಟೆಗೆ ಹೋಗುವ ಕಾಯಿ ಇದೇ. ಖಾರ ಕಡಿಮೆ, ಬಣ್ಣ ಜಾಸ್ತಿ, ಸಿಪ್ಪೆಯ ಮೇಲೆ ನೆರಿಗೆ. ಈ ಗುಣಗಳಿಂದಲೇ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು.

ಕೊಳ್ಳುವವರು ಕಾಯಿಯನ್ನು ಕೈಯಲ್ಲಿ ಹಿಡಿದು ನೋಡುತ್ತಾರೆ, ಮುರಿದು ನೋಡುತ್ತಾರೆ, ಮೂಸುತ್ತಾರೆ. ಆದರೆ ಬಣ್ಣ ತೆಗೆಯುವ ಕಾರ್ಖಾನೆಗೆ ಅಷ್ಟು ಸಾಲದು, ಅವರಿಗೆ ಒಂದು ಸಂಖ್ಯೆ ಬೇಕು. ಅಮೆರಿಕದ ಮಸಾಲೆ ವ್ಯಾಪಾರಿಗಳ ಸಂಘ ರೂಪಿಸಿದ ‘ಆಸ್ಟಾ’ ಬಣ್ಣದ ಅಳತೆ ಆ ಸಂಖ್ಯೆ. ವಿಧಾನ ಸರಳ. ಸುಮಾರು 0.1 ಗ್ರಾಂ ಮೆಣಸಿನ ಪುಡಿಯನ್ನು ತೂಗಿ 100 ಮಿಲಿಲೀಟರ್ ಅಸಿಟೋನ್‌ನಲ್ಲಿ ಹಾಕುತ್ತಾರೆ. 16 ಗಂಟೆ ಕತ್ತಲಲ್ಲಿ ಇಡುತ್ತಾರೆ. ಬಣ್ಣವೆಲ್ಲ ದ್ರವಕ್ಕೆ ಇಳಿದ ಮೇಲೆ ಅದನ್ನು ಪುಟ್ಟ ಗಾಜಿನ ಪಾತ್ರೆಗೆ ಸುರಿದು, ಅದರೊಳಗಿಂದ ಒಂದೇ ಒಂದು ಬಗೆಯ ಬೆಳಕನ್ನು ಹಾಯಿಸುತ್ತಾರೆ. ಎಷ್ಟು ಬೆಳಕು ಒಳಗೆ ಹೋಯಿತು, ಎಷ್ಟು ಹೊರಗೆ ಬಂತು ಎಂಬುದನ್ನು ಯಂತ್ರ ಹೇಳುತ್ತದೆ.

ಆ ಬೆಳಕಿನ ತರಂಗಾಂತರ 460 ನ್ಯಾನೊಮೀಟರ್. ಅದು ನೀಲಿ. ಕೆಂಪು ಬಣ್ಣಕ್ಕೆ ಬೆಲೆ ಕಟ್ಟಲು ಕೆಂಪು ಬೆಳಕನ್ನು ಬಿಟ್ಟು ನೀಲಿ ಬೆಳಕನ್ನು ಏಕೆ ಆರಿಸಿದರು? ಈ ಪ್ರಶ್ನೆಗೆ ಉತ್ತರ ಒಂದು ಭಾಗಾಕಾರದಲ್ಲಿದೆ. ಏಳನೇ ತರಗತಿಯ ಮಕ್ಕಳು ಮಾಡಬಲ್ಲ ಭಾಗಾಕಾರ. ಬೆಳಕಿನ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಇದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ಲೆಕ್ಕ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ.

ಬೆಳಕು ಎಲ್ಲೆಡೆ ಸಲೀಸಾಗಿ ಹರಿಯುವ ಅಲೆಯಂತೆ ಕಂಡರೂ, ಶಕ್ತಿಯನ್ನು ಕೊಡುವಾಗ ಅದು ಚಿಲ್ಲರೆ ಮಾಡುವುದಿಲ್ಲ. ಇಡಿಯಾಗಿ ಒಂದು ಗಂಟು ಕೊಡುತ್ತದೆ, ಇಲ್ಲವೇ ಏನೂ ಕೊಡುವುದಿಲ್ಲ. ಆ ಗಂಟಿಗೆ ಫೋಟಾನ್ ಎಂದು ಹೆಸರು. 1900ರ ಡಿಸೆಂಬರ್ 14ರಂದು ಬರ್ಲಿನ್‌ನಲ್ಲಿ ಮ್ಯಾಕ್ಸ್ ಪ್ಲಾಂಕ್ ಕಾದ ವಸ್ತುಗಳ ಹೊಳಪನ್ನು ವಿವರಿಸಲು ಈ ಗಂಟಿನ ಲೆಕ್ಕವನ್ನು ಮುಂದಿಟ್ಟರು. ಅದು ಬರೀ ಲೆಕ್ಕದ ಅನುಕೂಲವಲ್ಲ, ಬೆಳಕೇ ಹಾಗಿದೆ ಎಂದು 1905ರಲ್ಲಿ ಐನ್‌ಸ್ಟೈನ್ ಹೇಳಿದರು. ಅಮೆರಿಕದ ರಾಬರ್ಟ್ ಮಿಲ್ಲಿಕನ್ ಇದನ್ನು ಒಪ್ಪದೆ ವರ್ಷಗಟ್ಟಲೆ ಪ್ರಯೋಗ ಮಾಡಿ, ಕೊನೆಗೆ 1916ರಲ್ಲಿ ಐನ್‌ಸ್ಟೈನ್ ಸಮೀಕರಣವೇ ಸರಿ ಎಂದು ತಮ್ಮದೇ ಅಂಕಿಗಳಿಂದ ತೋರಿಸಿದರು.

ಸೂತ್ರ ಇಷ್ಟೇ: ಒಂದು ಫೋಟಾನಿನ ಶಕ್ತಿ ಬೇಕಾದರೆ ಪ್ಲಾಂಕ್ ಸ್ಥಿರಾಂಕವನ್ನು ಬೆಳಕಿನ ವೇಗದಿಂದ ಗುಣಿಸಿ, ಬಂದದ್ದನ್ನು ತರಂಗಾಂತರದಿಂದ ಭಾಗಿಸಬೇಕು.

ಪ್ಲಾಂಕ್ ಸ್ಥಿರಾಂಕ 6.62607015 × 10⁻³⁴ ಜೌಲ್-ಸೆಕೆಂಡ್. ಬೆಳಕಿನ ವೇಗ ಸೆಕೆಂಡಿಗೆ 29,97,92,458 ಮೀಟರ್. ಈ ಎರಡೂ ಈಗ ಅಳೆದು ತಿದ್ದುವ ಸಂಖ್ಯೆಗಳಲ್ಲ. ಬೆಳಕಿನ ವೇಗವನ್ನು 1983ರಲ್ಲಿ, ಪ್ಲಾಂಕ್ ಸ್ಥಿರಾಂಕವನ್ನು 2019ರ ಮೇ 20ರಿಂದ ಜಗತ್ತೇ ಕೂಡಿ ಖಚಿತವಾಗಿ ಗೊತ್ತುಮಾಡಿಕೊಂಡಿದೆ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗುವ ಕಿಲೋಗ್ರಾಂ ಕೂಡ ಇವತ್ತು ಈ ಪ್ಲಾಂಕ್ ಸಂಖ್ಯೆಯ ಮೇಲೆಯೇ ನಿಂತಿದೆ.

ಎರಡನ್ನೂ ಗುಣಿಸಿದರೆ 1.986 × 10⁻²⁵ ಜೌಲ್-ಮೀಟರ್. ಇನ್ನು ಮೆಣಸಿನಕಾಯಿ ಪರೀಕ್ಷೆಯ ಬೆಳಕನ್ನು ತೆಗೆದುಕೊಳ್ಳೋಣ. 460 ನ್ಯಾನೊಮೀಟರ್ ಎಂದರೆ 460 × 10⁻⁹ ಮೀಟರ್, ಅಂದರೆ 4.60 × 10⁻⁷ ಮೀಟರ್. ಭಾಗಿಸಿದರೆ ಬರುವುದು 4.32 × 10⁻¹⁹ ಜೌಲ್. ಬಹಳ ಚಿಕ್ಕ ಸಂಖ್ಯೆ. ಒಂದೇ ಒಂದು ಜೌಲ್ ಆಗಬೇಕಾದರೆ ಇಂಥ ಫೋಟಾನ್‌ಗಳು ಸುಮಾರು 2.3 × 10¹⁸ ಬೇಕು. ಲಕ್ಷ ಕೋಟಿಯನ್ನು 23 ಲಕ್ಷ ಸಲ ಕೂಡಿಸಿದರೆ ಅಷ್ಟಾಗುತ್ತದೆ.

ಇಷ್ಟು ಚಿಕ್ಕ ಸಂಖ್ಯೆಯನ್ನು ಜೌಲ್‌ನಲ್ಲಿ ಹೊತ್ತು ತಿರುಗುವುದು ಕಷ್ಟ. ಅದಕ್ಕೇ ಪರಮಾಣುಗಳ ಜೊತೆ ವ್ಯವಹರಿಸುವವರು ಎಲೆಕ್ಟ್ರಾನ್ ವೋಲ್ಟ್ ಎಂಬ ಸಣ್ಣ ಅಳತೆಯನ್ನು ಇಟ್ಟುಕೊಂಡಿದ್ದಾರೆ. ಒಂದು ಎಲೆಕ್ಟ್ರಾನ್ ಒಂದು ವೋಲ್ಟ್ ದಾಟಿದಾಗ ಪಡೆಯುವ ಶಕ್ತಿ ಅದು, 1.602 × 10⁻¹⁹ ಜೌಲ್. ಮೇಲಿನ ಉತ್ತರವನ್ನು ಇದರಿಂದ ಭಾಗಿಸಿದರೆ 2.70 ಎಲೆಕ್ಟ್ರಾನ್ ವೋಲ್ಟ್.

ಈ ಎಲ್ಲ ಗುಣಾಕಾರ ಭಾಗಾಕಾರಗಳನ್ನೂ ಮೊದಲೇ ಮಾಡಿಟ್ಟುಕೊಂಡರೆ ಉಳಿಯುವುದು ಒಂದೇ ಸಂಖ್ಯೆ: 1240. ತರಂಗಾಂತರ ನ್ಯಾನೊಮೀಟರ್‌ನಲ್ಲಿದ್ದರೆ 1240ನ್ನು ಅದರಿಂದ ಭಾಗಿಸಿ, ಎಲೆಕ್ಟ್ರಾನ್ ವೋಲ್ಟ್‌ನಲ್ಲಿ ಶಕ್ತಿ ಸಿಗುತ್ತದೆ. 1240 ಭಾಗ 460, ಉತ್ತರ 2.70. ನಿಖರವಾಗಿ ಬೇಕೆನ್ನುವವರು 1239.84 ಬಳಸಬಹುದು. ನಮ್ಮ ಪದವಿಪೂರ್ವ ಕಾಲೇಜಿನ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಎಡವುವುದು ಸೂತ್ರ ಮರೆತು ಅಲ್ಲ, ನ್ಯಾನೊಮೀಟರನ್ನು ಮೀಟರ್ ಮಾಡುವಾಗ ಹತ್ತರ ಘಾತ ತಪ್ಪಿ. ಅದನ್ನು ಹಿಡಿಯುವ ಉಪಾಯ ಇದೇ 1240ರಲ್ಲಿದೆ. ಕಣ್ಣಿಗೆ ಕಾಣುವ ಬೆಳಕು ಸುಮಾರು 380ರಿಂದ 750 ನ್ಯಾನೊಮೀಟರ್‌ವರೆಗೆ. ಹಾಗಾಗಿ ಕಾಣುವ ಬೆಳಕಿನ ಯಾವ ಫೋಟಾನಿನ ಶಕ್ತಿಯೂ 1.65ರಿಂದ 3.3 ಎಲೆಕ್ಟ್ರಾನ್ ವೋಲ್ಟ್ ಒಳಗೇ ಇರಬೇಕು. ಉತ್ತರ ಅದರ ಹೊರಗೆ ಬಿತ್ತೆಂದರೆ ಘಾತ ಎಲ್ಲೋ ತಪ್ಪಿದೆ.

ಈಗ ಆ 2.70 ಎಲೆಕ್ಟ್ರಾನ್ ವೋಲ್ಟ್ ಮೆಣಸಿನಕಾಯಿಯೊಳಗೆ ಹೋಗಿ ಏನು ಮಾಡುತ್ತದೆ ಎಂಬುದನ್ನು ನೋಡಬೇಕು. ಕಾಯಿಯ ಕೆಂಪಿಗೆ ಮುಖ್ಯ ಕಾರಣ ಕ್ಯಾಪ್ಸಾಂಥಿನ್ ಎಂಬ ವರ್ಣದ್ರವ್ಯ. 40 ಕಾರ್ಬನ್ ಪರಮಾಣುಗಳ ಅಣು ಅದು. ನಡುವೆ ಉದ್ದಕ್ಕೂ ಒಂದು ಜೋಡಿಬಂಧ, ಒಂದು ಒಂಟಿಬಂಧ, ಮತ್ತೆ ಜೋಡಿಬಂಧ ಎಂದು ಸರಪಳಿ ಸಾಗುತ್ತದೆ. ಇಂಥ ಸರಪಳಿಯಲ್ಲಿ ಕೆಲವು ಎಲೆಕ್ಟ್ರಾನ್‌ಗಳು ಯಾವುದೋ ಎರಡು ಪರಮಾಣುಗಳ ನಡುವೆ ಕಟ್ಟುಬಿದ್ದಿರುವುದಿಲ್ಲ, ಇಡೀ ಉದ್ದಕ್ಕೂ ಹರಡಿಕೊಂಡಿರುತ್ತವೆ. ಅವು ಈಗಿರುವ ಶಕ್ತಿಮಟ್ಟದಿಂದ ಮೇಲಿನ ಮಟ್ಟಕ್ಕೆ ಏರಲು ಒಂದು ನಿರ್ದಿಷ್ಟ ಅಂತರ ದಾಟಬೇಕು. ಕ್ಯಾಪ್ಸಾಂಥಿನ್‌ನಲ್ಲಿ ಆ ಅಂತರ ಹೆಚ್ಚೂಕಡಿಮೆ ನೀಲಿ ಬೆಳಕಿನ ಫೋಟಾನಿನ ಶಕ್ತಿಯಷ್ಟೇ ಇದೆ. 460 ನ್ಯಾನೊಮೀಟರ್‌ನ ಫೋಟಾನ್ ಬಂದರೆ ಅಣು ಅದನ್ನು ನುಂಗುತ್ತದೆ, ಎಲೆಕ್ಟ್ರಾನ್ ಮೇಲೇರುತ್ತದೆ. 650 ನ್ಯಾನೊಮೀಟರ್‌ನ ಕೆಂಪು ಫೋಟಾನಿನ ಹತ್ತಿರ ಇರುವುದು 1.91 ಎಲೆಕ್ಟ್ರಾನ್ ವೋಲ್ಟ್ ಮಾತ್ರ. ಅದಕ್ಕೆ ಇಲ್ಲಿ ಕೆಲಸವಿಲ್ಲ, ಚದುರಿ ಹೊರಗೆ ಬಂದು ನಮ್ಮ ಕಣ್ಣಿಗೆ ಬೀಳುತ್ತದೆ. ಕೆಂಪು ಕಾಣುವುದೇ ನೀಲಿ, ಹಸಿರು ಒಳಗೇ ಉಳಿದುಬಿಟ್ಟಿದ್ದರಿಂದ. ಆದ್ದರಿಂದ ಬಣ್ಣ ಎಷ್ಟಿದೆ ಎಂದು ತಿಳಿಯಬೇಕಾದರೆ ಅದು ನುಂಗುವ ಬೆಳಕನ್ನೇ ಹಾಯಿಸಿ ಎಣಿಸಬೇಕು. ನೀಲಿ ಬೆಳಕನ್ನು ಆರಿಸಿದ್ದರ ಗುಟ್ಟು ಅದು.

ಉದಾಹರಣೆಗೆ 0.1 ಗ್ರಾಂ ಪುಡಿಯ ದ್ರಾವಣಕ್ಕೆ ಯಂತ್ರ 0.70 ಎಂಬ ಹೀರಿಕೆ ತೋರಿಸಿತು ಎನ್ನೋಣ. ಅದರ ಅರ್ಥ, ಒಳಗೆ ಹೋದ ಪ್ರತಿ 100 ನೀಲಿ ಫೋಟಾನ್‌ಗಳಲ್ಲಿ ಸುಮಾರು 20 ಮಾತ್ರ ಆಚೆ ದಾಟಿದವು, ಉಳಿದ 80 ವರ್ಣದ್ರವ್ಯದ ಪಾಲಾದವು. ಆಸ್ಟಾ ಸೂತ್ರದಂತೆ 0.70ನ್ನು 16.4ರಿಂದ ಗುಣಿಸಿ ತೂಕದಿಂದ ಭಾಗಿಸಿದರೆ ಸುಮಾರು 115. ರೈತ ವರ್ಷವಿಡೀ ದುಡಿದ ಬೆಳೆಯ ದರಕ್ಕೆ ಹೀಗೆ ನುಂಗಿಹೋದ ಫೋಟಾನ್‌ಗಳ ಎಣಿಕೆಯೂ ಸೇರಿಕೊಂಡಿದೆ.

ಇಲ್ಲಿ ಒಂದು ಸಂದೇಹ ಸಹಜವಾಗಿ ಏಳುತ್ತದೆ. ಒಂದು ಕೆಂಪು ಫೋಟಾನ್ ಸಾಲದಿದ್ದರೆ ಎರಡು ಕೂಡಿ ಬರಬಾರದೇ? ದೊಡ್ಡ ದೀಪ ಹಚ್ಚಿ ಕೆಂಪು ಬೆಳಕನ್ನು ಸುರಿದರೆ ಆಗದೇ? ಆಗುವುದಿಲ್ಲ. ಒಬ್ಬೊಬ್ಬರೂ ಎರಡಡಿ ಜಿಗಿಯಬಲ್ಲ ಹತ್ತು ಹುಡುಗರನ್ನು ಕರೆತಂದರೂ ಅವರಲ್ಲಿ ಯಾರೂ ಮೂರಡಿ ಗೋಡೆ ದಾಟಲಾರರು. ಬೆಳಕು ಪ್ರಖರವಾಯಿತು ಎಂದರೆ ಫೋಟಾನ್‌ಗಳ ಸಂಖ್ಯೆ ಹೆಚ್ಚಾಯಿತು ಎಂದರ್ಥ, ಒಂದೊಂದರ ಕಸುವು ಹೆಚ್ಚಾಯಿತು ಎಂದಲ್ಲ. ಕಸುವನ್ನು ನಿರ್ಧರಿಸುವುದು ತರಂಗಾಂತರ ಒಂದೇ. ಎರಡು ಫೋಟಾನ್‌ಗಳನ್ನು ಒಟ್ಟಿಗೇ ನುಂಗಿಸಬಹುದು ಎಂಬುದನ್ನು 1931ರಲ್ಲೇ ಮರಿಯಾ ಗೊಪ್ಪರ್ಟ್ ಮೇಯರ್ ಲೆಕ್ಕ ಹಾಕಿ ತೋರಿಸಿದ್ದರು, ಆದರೆ ಅದಕ್ಕೆ ಪ್ರಬಲ ಲೇಸರ್‌ಗಳಂಥ ಬೆಳಕು ಬೇಕು. ಬಿಸಿಲು, ದೀಪ, ಬೆಂಕಿಯ ಬೆಳಕಿನಲ್ಲಿ ಅಂಥದ್ದನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ.

ಕ್ಯಾಪ್ಸಾಂಥಿನನ್ನು ಗಿಡ ಹೇಗೆ ಕಟ್ಟುತ್ತದೆ ಎಂಬುದರಲ್ಲಿ ಇದೇ ಲೆಕ್ಕದ ಇನ್ನೊಂದು ಮುಖ ಕಾಣುತ್ತದೆ. ಗಿಡ ಮೊದಲು ತಯಾರಿಸುವುದು ಫೈಟೋಯಿನ್ ಎಂಬ ಅಣುವನ್ನು. ಅದಕ್ಕೆ ಬಣ್ಣವೇ ಇಲ್ಲ. ಅದರಲ್ಲಿ ಒಂದನ್ನೊಂದು ಹಿಡಿದುಕೊಂಡ ಜೋಡಿಬಂಧಗಳು ಮೂರೇ. ಎಲೆಕ್ಟ್ರಾನ್‌ಗಳಿಗೆ ಹರಡಿಕೊಳ್ಳಲು ಜಾಗ ಕಡಿಮೆ ಇದ್ದಷ್ಟೂ ಶಕ್ತಿಮಟ್ಟಗಳ ಅಂತರ ಹೆಚ್ಚು. ಫೈಟೋಯಿನ್ ಹೀರುವುದು 286 ನ್ಯಾನೊಮೀಟರ್ ಸುತ್ತಲಿನ ಬೆಳಕನ್ನು. 1240 ಭಾಗ 286, ಅಂದರೆ 4.34 ಎಲೆಕ್ಟ್ರಾನ್ ವೋಲ್ಟ್. ಅದು ನೇರಳಾತೀತ, ನಮ್ಮ ಕಣ್ಣಿಗೆ ಕಾಣದ್ದು. ಕಾಣುವ ಬೆಳಕಿನಲ್ಲಿ ಫೈಟೋಯಿನ್ ಏನನ್ನೂ ಕದಿಯುವುದಿಲ್ಲವಾದ್ದರಿಂದ ಬಣ್ಣವೂ ಇಲ್ಲ. ಮುಂದೆ ಗಿಡ ಒಂದೊಂದೇ ಜೋಡಿಬಂಧ ಸೇರಿಸುತ್ತ ಸರಪಳಿಯನ್ನು ಉದ್ದ ಮಾಡುತ್ತದೆ. ಅಂತರ 4.34ರಿಂದ ಇಳಿಯುತ್ತ ಇಳಿಯುತ್ತ 3.3ರ ಗಡಿ ದಾಟಿ ಕಾಣುವ ಬೆಳಕಿನ ಸೀಮೆಯೊಳಗೆ ಬರುತ್ತದೆ. ಮೊದಲು ನೇರಳೆ ನುಂಗಿ ತಿಳಿಹಳದಿ, ಆಮೇಲೆ ನೀಲಿ ನುಂಗಿ ಕಿತ್ತಳೆ, ಕೆಂಪು. ಹಸಿರು ಕಾಯಿ ಗಿಡದಲ್ಲೇ ಹಣ್ಣಾಗುವಾಗ ಹಸಿರಿನ ಕ್ಲೋರೋಫಿಲ್ ಒಡೆದುಹೋಗುವುದರ ಜೊತೆಗೆ ಈ ಕೆಲಸವೂ ನಡೆದಿರುತ್ತದೆ.

ಒಣಗಿಸುವ ಕಾಲಕ್ಕೆ ಬಂದರೆ ಬಿಸಿಲು ಬೇಕೂ ಹೌದು, ಬೇಡವೂ ಹೌದು. ನೀರಿನಂಶ ಸುಮಾರು ಶೇಕಡಾ 10ಕ್ಕೆ ಇಳಿಯಬೇಕು, ಇಲ್ಲವಾದರೆ ಬೂಸ್ಟು ಹಿಡಿಯುತ್ತದೆ. ಆದರೆ ಬಿಸಿಲಿಗೆ ಬಹಳ ದಿನ ಬಿದ್ದ ಕಾಯಿ ಬಿಳಚುತ್ತದೆ. ಯಾಕೆ ಎಂಬುದಕ್ಕೂ ಫೋಟಾನಿನ ಲೆಕ್ಕವೇ ದಾರಿ. ರಸಾಯನಶಾಸ್ತ್ರದವರು ಬಂಧದ ಗಟ್ಟಿತನವನ್ನು ಒಂದು ಮೋಲ್ ಅಣುಗಳಿಗೆ ಇಷ್ಟು ಕಿಲೋಜೌಲ್ ಎಂದು ಹೇಳುತ್ತಾರೆ. ಫೋಟಾನನ್ನೂ ಅದೇ ಅಳತೆಗೆ ತರಬೇಕಾದರೆ 1,19,627ನ್ನು ನ್ಯಾನೊಮೀಟರ್‌ನಲ್ಲಿರುವ ತರಂಗಾಂತರದಿಂದ ಭಾಗಿಸಿದರೆ ಆಯಿತು. ನಮ್ಮ 460ಕ್ಕೆ ಬರುವುದು 260 ಕಿಲೋಜೌಲ್. ಕಾರ್ಬನ್-ಕಾರ್ಬನ್ ಒಂಟಿಬಂಧ ಕತ್ತರಿಸಲು ಸುಮಾರು 347 ಬೇಕು. ಹಾಗಾಗಿ ನೀಲಿ ಬೆಳಕು ಆ ಬಂಧವನ್ನು ನೇರವಾಗಿ ಕಡಿಯಲಾರದು. ಆದರೆ ಅದು ಎಬ್ಬಿಸಿದ ಅಣುಗಳು ಗಾಳಿಯ ಆಮ್ಲಜನಕದ ಜೊತೆ ಸೇರಿ ನಿಧಾನವಾಗಿ ಹಾಳಾಗಬಲ್ಲವು, ಬಿಸಿಯಿದ್ದರೆ ಇನ್ನೂ ಬೇಗ. ನೇರಳಾತೀತದ ಮಾತೇ ಬೇರೆ. 347ನ್ನು ಸೂತ್ರದಲ್ಲಿ ಹಿಂದುಮುಂದು ಮಾಡಿ ನೋಡಿದರೆ 345 ನ್ಯಾನೊಮೀಟರ್ ಬರುತ್ತದೆ. ಅದಕ್ಕಿಂತ ಗಿಡ್ಡ ತರಂಗಾಂತರದ ಫೋಟಾನ್ ಒಂದೇ ಒಂದಿದ್ದರೂ ಇಂಥ ಬಂಧ ಕಡಿಯುವಷ್ಟು ಶಕ್ತಿ ಅದರ ಬಳಿ ಇದೆ. ಬ್ಯಾಡಗಿಯ ಸುತ್ತ ಶೀತಲಗೃಹಗಳಲ್ಲಿ ಕಾಯಿಯನ್ನು ತಂಪಿನಲ್ಲೂ ಕತ್ತಲಲ್ಲೂ ಇಡುವುದು, ಆಸ್ಟಾ ಪರೀಕ್ಷೆಯ ಆ 16 ಗಂಟೆಯೂ ಕತ್ತಲಲ್ಲೇ ಕಳೆಯುವುದು, ಎರಡೂ ಬಣ್ಣವನ್ನು ಈ ಫೋಟಾನ್‌ಗಳಿಂದ ದೂರ ಇಡುವ ಉಪಾಯಗಳೇ.

ಇಡೀ ದಿನ ಹೊಲದಲ್ಲಿ ಬಗ್ಗಿ ಕಾಯಿ ಬಿಡಿಸುವ ಹೆಣ್ಣುಮಕ್ಕಳ ಚರ್ಮದ ಮೇಲೂ ಅದೇ ಬಿಸಿಲು ಬೀಳುತ್ತದೆ. 300 ನ್ಯಾನೊಮೀಟರ್‌ನ ಫೋಟಾನಿನಲ್ಲಿ 4.13 ಎಲೆಕ್ಟ್ರಾನ್ ವೋಲ್ಟ್ ಇದೆ. ನಡುಹಗಲಿನ ಬಿಸಿಲಿನಲ್ಲಿ ಇಂಥವುಗಳ ಪಾಲು ತೀರಾ ಕಡಿಮೆ, ಬಹುಪಾಲನ್ನು ಮೇಲಿನ ಓಜೋನ್ ತಡೆದಿರುತ್ತದೆ. ಆದರೂ ಚರ್ಮ ಸುಡುವುದು ಮುಖ್ಯವಾಗಿ ಈ ಸಣ್ಣ ಪಾಲಿನಿಂದ. ಅದೇ ಬಿಸಿಲಿನ ಅರ್ಧದಷ್ಟು ಶಕ್ತಿ ಅತಿಗೆಂಪಿನಲ್ಲಿದೆ. ಅದು ಮೈ ಬಿಸಿ ಮಾಡಿ ಬೆವರಿಳಿಸುತ್ತದೆ, ಜೀವಕೋಶದ ಡಿಎನ್‌ಎಯನ್ನು ಮುಟ್ಟುವ ಕಸುವು ಅದಕ್ಕಿಲ್ಲ. ತಲೆಯ ಮೇಲೆ ಸೆರಗು, ಮೈತುಂಬ ಅಂಗಿ ಹಾಕಿಕೊಳ್ಳುವ ನಮ್ಮ ಕಡೆಯ ರೂಢಿ ಈ ದೃಷ್ಟಿಯಿಂದ ಬಹಳ ಒಳ್ಳೆಯದು.

ಇನ್ನು ತರಂಗಾಂತರದ ಇನ್ನೊಂದು ತುದಿಗೆ ಹೋಗೋಣ. 1950ರ ಜನವರಿ 8ರಂದು ಆರಂಭವಾದ ಧಾರವಾಡ ಆಕಾಶವಾಣಿ ಮಧ್ಯಮ ತರಂಗದಲ್ಲಿ 765 ಕಿಲೋಹರ್ಟ್ಜ್‌ನಲ್ಲಿ ಬಿತ್ತರಿಸುತ್ತ ಬಂದ ಕೇಂದ್ರ. ರೇಡಿಯೋ ಅಲೆಯೂ ಬೆಳಕಿನದೇ ಜಾತಿ, ವೇಗವೂ ಅದೇ. ವೇಗವನ್ನು ಆವೃತ್ತಿಯಿಂದ ಭಾಗಿಸಿದರೆ ತರಂಗಾಂತರ ಸುಮಾರು 392 ಮೀಟರ್. ನ್ಯಾನೊಮೀಟರ್ ಅಲ್ಲ, ಮೀಟರ್. ಅದರ ಒಂದು ಫೋಟಾನಿನ ಶಕ್ತಿ 3.16 × 10⁻⁹ ಎಲೆಕ್ಟ್ರಾನ್ ವೋಲ್ಟ್. ಮೆಣಸಿನಕಾಯಿ ಪರೀಕ್ಷೆಯ ಒಂದು ನೀಲಿ ಫೋಟಾನಿಗೆ ಸಮನಾಗಬೇಕಾದರೆ ಆಕಾಶವಾಣಿಯ 85 ಕೋಟಿ ಫೋಟಾನ್‌ಗಳು ಬೇಕು. ಅವುಗಳ ಸಂಖ್ಯೆಗೇನೂ ಬರವಿಲ್ಲ. ಒಂದು ಕಿಲೋವಾಟ್ ಪ್ರಸಾರದಲ್ಲೇ ಸೆಕೆಂಡಿಗೆ ಸುಮಾರು 2 × 10³⁰ ಫೋಟಾನ್‌ಗಳು ಹೊರಡುತ್ತವೆ. ಒಂದೊಂದೂ ಇಷ್ಟು ದುರ್ಬಲ, ಒಟ್ಟು ಇಷ್ಟು ಅಪಾರ ಆಗಿರುವುದರಿಂದಲೇ ರೇಡಿಯೋದಲ್ಲಿ ಫೋಟಾನಿನ ಗಂಟು ಯಾರ ಅನುಭವಕ್ಕೂ ಬರುವುದಿಲ್ಲ, ಅಲೆಯಾಗಿಯೇ ಕಾಣುತ್ತದೆ.

ಮೊಬೈಲ್ ಟವರಿನ ವಿಷಯಕ್ಕೆ ಬಂದಾಗ ಈ ಲೆಕ್ಕ ಪ್ರತಿ ಊರಿನಲ್ಲೂ ಗೊತ್ತಿರಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ‘ವಿಕಿರಣ’ ಎಂಬ ಒಂದೇ ಮಾತಿನಲ್ಲಿ ಎಕ್ಸ್-ರೇಯನ್ನೂ ಟವರನ್ನೂ ಕೂಡಿಸಿ ಹೆದರಿಸುವವರು ಇದ್ದಾರೆ. ಟವರ್ ಬಳಸುವ 1800 ಮೆಗಾಹರ್ಟ್ಜ್ ಅಲೆಯ ತರಂಗಾಂತರ ಸುಮಾರು 16.7 ಸೆಂಟಿಮೀಟರ್, ಫೋಟಾನಿನ ಶಕ್ತಿ 0.0000074 ಎಲೆಕ್ಟ್ರಾನ್ ವೋಲ್ಟ್. ಇದನ್ನು ಯಾವುದರ ಜೊತೆ ಹೋಲಿಸಬೇಕು? ನಮ್ಮ ಮೈಯೊಳಗಿನ ಅಣುಗಳು ಬರೀ ಮೈಬಿಸಿಗೆ ಒಂದಕ್ಕೊಂದು ತಾಗುತ್ತಲೇ ಇರುತ್ತವೆ. ಆ ತಾಗಾಟದ ಶಕ್ತಿಯ ಅಳತೆ ಸುಮಾರು 0.027 ಎಲೆಕ್ಟ್ರಾನ್ ವೋಲ್ಟ್. ಟವರಿನ ಫೋಟಾನಿಗಿಂತ ಅದು ಸುಮಾರು ಮೂರೂವರೆ ಸಾವಿರ ಪಟ್ಟು ದೊಡ್ಡದು. ನೀರಿನ ಅಣುವಿನಿಂದ ಒಂದು ಎಲೆಕ್ಟ್ರಾನ್ ಕಿತ್ತು ಹಾಕಲು 12.6 ಎಲೆಕ್ಟ್ರಾನ್ ವೋಲ್ಟ್ ಬೇಕು. ಆಸ್ಪತ್ರೆಯ ಎಕ್ಸ್-ರೇ ಫೋಟಾನಿನಲ್ಲಿ ಹತ್ತಾರು ಸಾವಿರ ಎಲೆಕ್ಟ್ರಾನ್ ವೋಲ್ಟ್ ಇರುತ್ತದೆ, ಅದಕ್ಕೇ ಅಲ್ಲಿ ಸೀಸದ ಗೋಡೆ, ಸೀಸದ ಅಂಗಿ. ಟವರಿನ ಅಲೆ ಹೆಚ್ಚಾದರೆ ಮಾಡಬಹುದಾದದ್ದು ಬಿಸಿ ಮಾಡುವುದು. ಆ ಕಾರಣಕ್ಕೇ ಅದರ ಪ್ರಮಾಣಕ್ಕೆ ಕಾನೂನಿನ ಮಿತಿ ಇದೆ, ಇರಲೂಬೇಕು. ಆದರೆ ಬಂಧ ಕಡಿಯುವ ಭಯವನ್ನು ಅದರ ಮೇಲೆ ಹೊರಿಸುವುದಕ್ಕೆ ಆಧಾರವಿಲ್ಲ. ಟವರಿಗೆ ಹೆದರಿ ಮನೆ ಬದಲಿಸುವವರು ಮಧ್ಯಾಹ್ನದ ಬಿಸಿಲಿನಲ್ಲಿ ಮಗುವನ್ನು ಬರಿಮೈಯಲ್ಲಿ ಬಿಟ್ಟರೆ ಲೆಕ್ಕ ತಲೆಕೆಳಗಾದಂತೆ.

ಇದನ್ನೆಲ್ಲ ಪುಸ್ತಕದ ಮಾತೆಂದು ನಂಬಬೇಕಾಗಿಲ್ಲ. ಹಳ್ಳಿಯ ಪ್ರೌಢಶಾಲೆಯಲ್ಲೂ ಪ್ಲಾಂಕ್ ಸ್ಥಿರಾಂಕವನ್ನು ಅಳೆಯಬಹುದು. ಬೇಕಾದದ್ದು ಕೆಂಪು, ಹಳದಿ, ನೀಲಿ ಬಣ್ಣದ ಪುಟ್ಟ ಎಲ್‌ಇಡಿಗಳು, ಒಂದು 9 ವೋಲ್ಟ್ ಬ್ಯಾಟರಿ, ಒಂದು ಸಾವಿರ ಓಮ್‌ನ ರೋಧಕ, ತಿರುಗಿಸಿ ವೋಲ್ಟೇಜ್ ಬದಲಿಸುವ ಒಂದು ಗುಬುಟು, ಒಂದು ಮಲ್ಟಿಮೀಟರ್. ಎಲ್‌ಇಡಿಯೊಳಗೆ ನಡೆಯುವುದು ಮೆಣಸಿನಕಾಯಿಯ ವರ್ಣದ್ರವ್ಯದಲ್ಲಿ ನಡೆದದ್ದರ ತಿರುವುಮುರುವು. ಅಲ್ಲಿ ಫೋಟಾನ್ ಬಂದು ಎಲೆಕ್ಟ್ರಾನ್ ಮೇಲೇರಿತು. ಇಲ್ಲಿ ಬ್ಯಾಟರಿ ಮೇಲೇರಿಸಿದ ಎಲೆಕ್ಟ್ರಾನ್ ಕೆಳಗಿಳಿಯುವಾಗ ಫೋಟಾನ್ ಹುಟ್ಟುತ್ತದೆ. ಒಂದು ಎಲೆಕ್ಟ್ರಾನ್, ಒಂದು ಫೋಟಾನ್. ಹಾಗಾಗಿ ಎಲ್‌ಇಡಿ ಹೊತ್ತಿಕೊಳ್ಳಲು ಬೇಕಾದ ವೋಲ್ಟ್‌ಗಳೇ ಸುಮಾರಾಗಿ ಆ ಫೋಟಾನಿನ ಎಲೆಕ್ಟ್ರಾನ್ ವೋಲ್ಟ್‌ಗಳು.

ಕೋಣೆಯನ್ನು ಕತ್ತಲೆ ಮಾಡಿ, ಎಲ್‌ಇಡಿಯನ್ನು ಕಪ್ಪು ಕೊಳವೆಯೊಳಗಿಟ್ಟು, ಗುಬುಟನ್ನು ನಿಧಾನವಾಗಿ ತಿರುಗಿಸಿ. ಕೆಂಪು ಸುಮಾರು 1.7 ವೋಲ್ಟ್ ಆಸುಪಾಸಿನಲ್ಲಿ ಮಿನುಗತೊಡಗುತ್ತದೆ. ನೀಲಿ ಅಷ್ಟಕ್ಕೆ ಕದಲುವುದಿಲ್ಲ, ಅದಕ್ಕೆ ಸುಮಾರು ಎರಡೂವರೆ ವೋಲ್ಟ್ ಬೇಕು. ಆ ವೋಲ್ಟನ್ನು ಎಲ್‌ಇಡಿಯ ತರಂಗಾಂತರದಿಂದ ಗುಣಿಸಿ ನೋಡಿ. 1240ರ ಹತ್ತಿರ, ಸಾಮಾನ್ಯವಾಗಿ ಅದಕ್ಕಿಂತ ತುಸು ಕೆಳಗೆ ಬರುತ್ತದೆ. ಉಳಿದ ಕೊರತೆಯನ್ನು ಸುತ್ತಲಿನ ಬಿಸಿ ಅಷ್ಟಿಷ್ಟು ತುಂಬಿಕೊಡುತ್ತದೆ. ನಿಖರತೆ ಕಡಿಮೆ, ನಿಜ. ಆದರೆ ಬರ್ಲಿನ್‌ನಲ್ಲಿ ಹುಟ್ಟಿದ ಸಂಖ್ಯೆಯೊಂದು ಶಾಲೆಯ ಬೆಂಚಿನ ಮೇಲೆ ಮಕ್ಕಳ ಕೈಯಿಂದಲೇ ಹೊರಬರುವುದಕ್ಕಿಂತ ಒಳ್ಳೆಯ ಪಾಠ ನನಗೆ ತಿಳಿದಿಲ್ಲ. ಬಿಳಿ ಎಲ್‌ಇಡಿ ಮಾತ್ರ ಈ ಪ್ರಯೋಗಕ್ಕೆ ಬೇಡ. ಅದರೊಳಗಿರುವುದು ಸುಮಾರು 450 ನ್ಯಾನೊಮೀಟರ್‌ನ ನೀಲಿ ಚಿಪ್. ಮೇಲೆ ಬಳಿದ ಹಳದಿ ಪುಡಿ 2.76 ಎಲೆಕ್ಟ್ರಾನ್ ವೋಲ್ಟ್‌ನ ಫೋಟಾನನ್ನು ನುಂಗಿ 560 ನ್ಯಾನೊಮೀಟರ್ ಸುತ್ತಲಿನ 2.21ರ ಫೋಟಾನನ್ನು ಉಗುಳುತ್ತದೆ. ವ್ಯತ್ಯಾಸ 0.55. ಮನೆಯ ಎಲ್‌ಇಡಿ ಬಲ್ಬಿನ ಬುಡ ಬಿಸಿಯಾಗುವುದರಲ್ಲಿ ಅದರದೂ ಪಾಲಿದೆ. ಹೊಲದ ಸೌರ ಪಂಪಿನ ಸಿಲಿಕಾನ್ ಫಲಕಕ್ಕೂ ಇದೇ ಗತಿ. ಅದಕ್ಕೆ ಬೇಕಾದದ್ದು 1.12 ಎಲೆಕ್ಟ್ರಾನ್ ವೋಲ್ಟ್, ಅಂದರೆ 1,107 ನ್ಯಾನೊಮೀಟರ್. ಅದಕ್ಕಿಂತ ಉದ್ದದ ಅತಿಗೆಂಪು ಅದಕ್ಕೆ ದಕ್ಕುವುದಿಲ್ಲ. ನೀಲಿ ಫೋಟಾನ್ ಬಂದರೆ ಬೇಕಾದಷ್ಟು ಹಿಡಿದುಕೊಂಡು ಉಳಿದದ್ದನ್ನು ಬಿಸಿಯಾಗಿ ಕಳೆದುಬಿಡುತ್ತದೆ.

ಬೆಳಕು ಬಂದಾಗ ಎಷ್ಟಿತ್ತು, ಹೋದಾಗ ಎಷ್ಟಿತ್ತು ಎಂಬ ಈ ಜಮಾ-ಖರ್ಚಿನಿಂದಲೇ ನೊಬೆಲ್ ಗೆದ್ದವರು ಚಂದ್ರಶೇಖರ ವೆಂಕಟರಾಮನ್. 1928ರಲ್ಲಿ ಕಲ್ಕತ್ತೆಯಲ್ಲಿ ಅವರು ಪಾದರಸ ದೀಪದ ಬೆಳಕನ್ನು ಬೆಂಜೀನಿನಂಥ ದ್ರವಗಳ ಮೇಲೆ ಬಿಟ್ಟು ಚದುರಿದ ಬೆಳಕನ್ನು ಪರೀಕ್ಷಿಸಿದರು. 435.8 ನ್ಯಾನೊಮೀಟರ್‌ನ ಬೆಳಕು ಒಳಗೆ ಹೋದರೆ ಹೊರಬಂದದ್ದರಲ್ಲಿ 455.5ರ ಮಂಕು ಗೆರೆಯೂ ಇತ್ತು. ಹೋದದ್ದು 2.845, ಬಂದದ್ದು 2.722. ಕಾಣೆಯಾದ 0.123 ಎಲೆಕ್ಟ್ರಾನ್ ವೋಲ್ಟ್ ಬೆಂಜೀನ್ ಅಣುವಿನ ಉಂಗುರ ಕಂಪಿಸುವುದಕ್ಕೆ ಸಂದಿತ್ತು. 1933ರಲ್ಲಿ ಬೆಂಗಳೂರಿಗೆ ಬಂದ ರಾಮನ್ ಕೊನೆಯವರೆಗೂ ಇಲ್ಲೇ ಉಳಿದರು.

ರಾಮನ್‌ರ ಆ ಪ್ರಯೋಗಕ್ಕೂ ಅರವತ್ತು ವರ್ಷ ಮೊದಲು ಇದೇ ಬಗೆಯ ಇನ್ನೂ ಚಿಕ್ಕ ವ್ಯತ್ಯಾಸವೊಂದು ಉತ್ತರ ಕರ್ನಾಟಕದಲ್ಲೇ ಕಣ್ಣಿಗೆ ಬಿದ್ದೂ ಕೈಗೆ ಸಿಗದೆ ಹೋಯಿತು. 1868ರ ಆಗಸ್ಟ್ 18ರಂದು ಪೂರ್ಣ ಸೂರ್ಯಗ್ರಹಣ. ಗ್ರಹಣದ ದಾರಿ ಇಂದಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಯ ಮೇಲೆ ಹಾದಿತ್ತು. ಕುಂದಗೋಳ ಆಗ ಜಮಖಂಡಿ ಸಂಸ್ಥಾನಕ್ಕೇ ಸೇರಿದ್ದ ಊರು. ಲಂಡನ್ನಿನ ರಾಯಲ್ ಸೊಸೈಟಿ ಕಳಿಸಿದ ರೋಹಿತದರ್ಶಕದೊಂದಿಗೆ ಜಮಖಂಡಿಯಲ್ಲಿ ಬೀಡುಬಿಟ್ಟವರು ಮಹಾ ತ್ರಿಕೋನಮಿತಿ ಸರ್ವೆಯ ಲೆಫ್ಟಿನೆಂಟ್ ಜಾನ್ ಹರ್ಷಲ್, ಯುರೇನಸ್ ಗ್ರಹ ಕಂಡುಹಿಡಿದ ವಿಲಿಯಂ ಹರ್ಷಲರ ಮೊಮ್ಮಗ. ಮೋಡಗಳು ಹಾಯುತ್ತಲೇ ಇದ್ದವು. ಸಿಕ್ಕ ಅಷ್ಟಿಷ್ಟು ಬಿಡುವಿನಲ್ಲಿ ಸೂರ್ಯನ ಅಂಚಿನಿಂದ ಚಿಮ್ಮಿದ ಜ್ವಾಲೆಯ ಬೆಳಕನ್ನು ಒಡೆದು ನೋಡಿದಾಗ ಅವರಿಗೆ ಕೆಂಪು, ಕಿತ್ತಳೆ, ನೀಲಿ ಮೂರು ಹೊಳೆವ ಗೆರೆಗಳು ಕಂಡವು. ಕಿತ್ತಳೆ ಗೆರೆ ಸೋಡಿಯಂನದೇ ಎಂದು ತಮ್ಮ ಉಪಕರಣದ ಶಕ್ತಿಯ ಮಿತಿಯಲ್ಲಿ ಅವರು ತೀರ್ಮಾನಿಸಿದರು.

ಸೋಡಿಯಂನ ಜೋಡಿ ಗೆರೆಗಳು 589.0 ಮತ್ತು 589.6 ನ್ಯಾನೊಮೀಟರ್‌ನಲ್ಲಿವೆ, ಅಂದರೆ 2.105 ಮತ್ತು 2.103 ಎಲೆಕ್ಟ್ರಾನ್ ವೋಲ್ಟ್. ಸೂರ್ಯನ ಆ ಗೆರೆ ಇದ್ದದ್ದು 587.6ರಲ್ಲಿ, ಅಂದರೆ 2.110. ನಡುವಿನ ಅಂತರ 0.005 ಎಲೆಕ್ಟ್ರಾನ್ ವೋಲ್ಟ್, ಮೈಬಿಸಿಯ ಆ 0.027ರ ಸುಮಾರು ಐದನೆಯ ಒಂದು ಪಾಲು. ಎರಡು ತಿಂಗಳ ನಂತರ, ಅಕ್ಟೋಬರ್ 20ರಂದು, ಇಂಗ್ಲೆಂಡಿನಲ್ಲಿ ನಾರ್ಮನ್ ಲಾಕ್ಯರ್ ಗ್ರಹಣವಿಲ್ಲದೆಯೇ ಸೂರ್ಯನ ಅಂಚನ್ನು ನೋಡಿ ಆ ಗೆರೆ ಸೋಡಿಯಂನ ಜಾಗದಲ್ಲಿಲ್ಲ ಎಂದು ಗುರುತಿಸಿದರು. ಭೂಮಿಯ ಮೇಲೆ ಗೊತ್ತಿದ್ದ ಯಾವ ಧಾತುವಿಗೂ ಅದು ಹೊಂದಲಿಲ್ಲ. ಸೂರ್ಯನ ಹೆಸರಿನಿಂದಲೇ ಅದನ್ನು ಹೀಲಿಯಂ ಎಂದು ಕರೆದರು. ಆ 0.005ನ್ನು ಲೆಕ್ಕ ಹಾಕಲು ಬೇಕಾದ ಪ್ಲಾಂಕ್ ಸಂಖ್ಯೆ ಹುಟ್ಟುವುದಕ್ಕೆ ಇನ್ನೂ 32 ವರ್ಷ ಬಾಕಿ ಇತ್ತು. ಅದಕ್ಕೆ ಮೊದಲೇ, 1895ರಲ್ಲಿ, ವಿಲಿಯಂ ರಾಮ್ಸೆ ಯುರೇನಿಯಂ ಅದಿರಿನಿಂದ ಹೊರಟ ಅನಿಲವೊಂದನ್ನು ಗಾಜಿನ ನಳಿಕೆಯಲ್ಲಿ ತುಂಬಿ ವಿದ್ಯುತ್ ಹಾಯಿಸಿದಾಗ ಅದೇ 587.6ರ ಗೆರೆ ಕಾಣಿಸಿಕೊಂಡಿತು.